ಹಿಂದಿನ ಸೀಟಿನ ಹಿಂದೆ

ಬಕೆಟ್ಟಿನ ನೀರು ತಳ ಕಂಡಿತ್ತು, ಗಾಡಿಯ ಹಿಂಭಾಗ ಇನ್ನೂ ಉಳಿದಿತ್ತು. ಉಮಾಶಂಕರ ಒದ್ದೆ ಬಟ್ಟೆ ಹಿಂಡಿಕೊಂಡು ಮಂಡಿಯೂರಿ ಕೂತ. ಬಂಪರಿನ ಕೆಳಗೆ ಕೈ ತೂರಿಸಿ ಒರೆಸಿದ. ಬೆರಳಿಗೆ ತಣ್ಣಗೆ ಕಬ್ಬಿಣ ತಗುಲಿತು. ಈ ತುದಿಯಿಂದ ಆ ತುದಿಗೆ, ಎತ್ತಿನ ಹೆಗಲ ಮೇಲಿನ ನೊಗದ ಹಾಗೆ, ಒಂದು ಅಡ್ಡ ಬೀಮು.

ಯಾರ ಕಣ್ಣಿಗೂ ಬೀಳದ ಜಾಗ. ಕೊಳೆ ಇದ್ದರೂ ಕೇಳುವವರಿಲ್ಲ. ಆದರೂ ಪ್ರತಿ ಭಾನುವಾರ ಅವನ ಕೈ ಅಲ್ಲಿಗೇ ಹೋಗುತ್ತಿತ್ತು, ಹಲ್ಲು ಬಿದ್ದ ಸಂದಿಗೆ ನಾಲಿಗೆ ಹೋಗುವಂತೆ. ಆದರೆ ಈ ಗಾಡಿಯಲ್ಲಿ ಹಲ್ಲು ಇತ್ತು. ಬಿದ್ದದ್ದು ಬೇರೆ ಕಡೆ.

"ನೀರು ಬರೋದೇ ದಿನ ಬಿಟ್ಟು ದಿನ," ಬಾಗಿಲಲ್ಲಿ ನಿಂತು ಅವನ ಹೆಂಡತಿ ತ್ರಿವೇಣಿ ಅಂದಳು. "ಆ ಹಳೇ ಡಬ್ಬಾನ ಅದೇನು ಹಂಗೆ ತಿಕ್ಕ್ತೀರೋ."

"ಚೆನ್ನಾಗೈತೆ ಇದು."

"ಹೂಂ. ಚೆನ್ನಾಗಿರೋದನ್ನ ನೀವು ಇಟ್ಕೊಂಡು ಊರಿಗೆಲ್ಲ ಹೊಸದು ಕೊಡಿಸ್ತೀರ."

ತಿಳಿಯದೆ ಆಡಿದ ಮಾತಲ್ಲ. ತಿಳಿದೇ ಆಡಿದ್ದು. ಉಮಾಶಂಕರ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದ. ಅದರಲ್ಲಿ ನೀರಿರಲಿಲ್ಲ.

"ಆ ಪತ್ರ ಕಳಿಸಿದ್ರಾ?"

"ನೋಡ್ತೀನಿ."

"ಸಂಕ್ರಾಂತಿಗೆ ಬರೆದಿದ್ದು. ಅವರೆಕಾಯಿ ಹೋಗಿ ಮಾವಿನಕಾಯಿ ಬಂತು. ಮಾವಿನಕಾಯಿ ಹೋಗಿ ಸೀತಾಫಲ ಬಂತು. ನೀವು ನೋಡ್ತಾನೇ ಅದೀರ."

"ಕಲ್ಯಾಣದುರ್ಗಕ್ಕೆ, ಚಿಕ್ಕವ್ವನ ಮನೆ ಹೊಸ ಗಾಡಿ ಪೂಜೆಗೆ ಬರ್ತೀಯೋ ಇಲ್ವೋ?"

"ನಾನು ಬರಾಕಿಲ್ಲ. ಆ ಗಾಡಿಗೆ ಕುಂಕುಮ ಇಡೋಕೆ ನನ್ನ ಕೈ ಏಳಾಕಿಲ್ಲ. ನೀವು ಹೋಗ್ಬನ್ನಿ, ನಿಮಗೆ ಅಭ್ಯಾಸ ಐತೆ."

ಅವಳು ಒಳಗೆ ಹೋದಳು. ಅವನಿಗೆ ಸಿಟ್ಟು ಬಂತು. ಈಚೆಗೆ ಸಿಟ್ಟು ಬರುವುದಕ್ಕೆ ಕಾರಣ ಬೇಕಿರಲಿಲ್ಲ. ಅದು ಬೆಳಗ್ಗೆ ಅವನಿಗಿಂತ ಮುಂಚೆ ಎದ್ದು, ಹಲ್ಲುಜ್ಜಿಕೊಂಡು, ಮಂಚದ ಪಕ್ಕ ಕಾದು ಕೂತಿರುತ್ತಿತ್ತು. ಆದರೆ ಸಿಟ್ಟಿಗೊಂದು ವಿಳಾಸ ಬೇಕಲ್ಲ. ವಿಳಾಸ ಇದ್ದ ಒಂದೇ ಪತ್ರ ಅವನ ಮೊಬೈಲಿನಲ್ಲಿ ಕಳಿಸದೆ ಬಿದ್ದಿತ್ತು.

ಪತ್ರ ಅವನ ಕಂಪನಿ ವೆಸ್ಟಾಲ್ ಮೋಟಾರ್ಸಿನ ಹೊರದೇಶದ ಸುರಕ್ಷತಾ ಮುಖ್ಯಸ್ಥರಿಗೆ. ಅದರಲ್ಲಿ ಗುಟ್ಟೇನಿರಲಿಲ್ಲ. ಇಲ್ಲಿ ಮಾರುವ ಮಿರಾನ್ ಗಾಡಿಗೂ ಹಿಂದಿನ ಬೀಮು ಹಾಕಿ, ಹಾಕುವವರೆಗೆ ನಾನು ಸಹಿ ಮಾಡುವುದಿಲ್ಲ. ಅಷ್ಟೇ. ಕಳಿಸಿದರೆ ಕೆಲಸ ಹೋಗುತ್ತದೆ. ಕಳಿಸದಿದ್ದರೆ ಏನು ಹೋಗುತ್ತದೆ ಎಂದು ಅವನು ಯೋಚಿಸದಿರಲು ಕಲಿತಿದ್ದ.

ಹಿಂದೂಪುರದ ಹೊರಗಿದ್ದ ಆಫೀಸಿನಲ್ಲಿ ಅವನದು 'ಮಾರ್ಕೆಟ್ ಸ್ಪೆಕ್' ವಿಭಾಗ. ಒಂದೇ ಗಾಡಿ, ಹತ್ತು ದೇಶ. ಯಾವ ದೇಶದ ಗಾಡಿಗೆ ಏನು ಇರಬೇಕು, ಏನು ಇರಬಾರದು ಎಂದು ಗೆರೆ ಎಳೆಯುವುದು ಕೆಲಸ. ಇರಬಾರದು ಎನ್ನುವ ಕಡೆ ಯಾರಾದರೂ ಸಹಿ ಮಾಡಬೇಕಲ್ಲ. ಇವನು ಮಾಡುತ್ತಿದ್ದ.

ಮೊಬೈಲು ಬಡಿದುಕೊಂಡಿತು. ಮೇಲಿನ ಅಧಿಕಾರಿ ಚಂದ್ರಮೋಹನ್.

"ಉಮಾಶಂಕರ್ ಗಾರು, ಸಂಡೇ ದಿನ ಡಿಸ್ಟರ್ಬ್ ಮಾಡಿದೆ. ನಾಳೆ ಮಿರಾನ್ ನಾಲ್ಕನೇ ಜನರೇಷನ್ ಡಿಸೈನ್ ಫ್ರೀಜ್, ಆಮೇಲೆ ಏನೂ ಬದಲಾಯಿಸೋ ಹಾಗಿಲ್ಲ. ನಿಮ್ಮ ಸೈನ್ ಒಂದೇ ಬಾಕಿ."

"ಹಿಂದಿನ ಬೀಮು, ಸರ್?"

"ಯಾವ ಮಾರ್ಕೆಟ್ಟಿಗೆ?"

"ನಮ್ಮದಕ್ಕೆ."

"ನಮ್ಮದು ಅಂದ್ರೆ? ಕಂಪನಿಗೆ ಎಲ್ಲಾ ಮಾರ್ಕೆಟ್ಟೂ ನಮ್ಮದೇ ಅಲ್ವಾ." ಚಂದ್ರಮೋಹನ್ ನಕ್ಕರು. "ನಮ್ಮ ಕಸ್ಟಮರು ಯಾರಾದ್ರೂ ಬೀಮು ಕೇಳವ್ರಾ? ಕೇಳಿಲ್ಲ. ಅವರು ಏನು ಕೇಳ್ತಾರೆ ಅಂತ ನೀವೇ ಬರೆದು ಕೊಟ್ಟೀರಿ. ಬ್ರಹ್ಮಾಂಡಂ ರಿಪೋರ್ಟು ಅದು. ನಾನು ಈಗ್ಲೂ ಎಲ್ಲರಿಗೂ ತೋರಿಸ್ತೀನಿ."

"ಸರಿ, ಸರ್."

ಆ ಎರಡು ಮಾತು ಅವನನ್ನು ಕೇಳದೆಯೇ ಬಾಯಿಂದ ಹೊರಟವು, ಸಂಜೆ ಆದರೆ ತಾನೇ ಬಂದು ಗೂಟದ ಹತ್ತಿರ ನಿಲ್ಲುವ ದನದ ಹಾಗೆ.

ಬಕೆಟ್ಟನ್ನು ಕಾಲಿನಿಂದ ಒದ್ದ. ಅದು ಉರುಳಿ ಬೇವಿನ ಗಿಡದ ಬುಡಕ್ಕೆ ಹೋಗಿ ನಿಂತಿತು. ಏನೂ ಚೆಲ್ಲಲಿಲ್ಲ.

*

ಸೋಮಂದೇಪಲ್ಲಿ ದಾಟುವಾಗ ರಸ್ತೆ ಪಕ್ಕ ಕಂಪನಿಯ ಜಾಹೀರಾತಿನ ಹಲಗೆ ಕಂಡಿತು. ಆಳೆತ್ತರದ ತೆಲುಗು ಅಕ್ಷರ. ಇಡೀ ಸಂಸಾರ, ಒಂದೇ ಸವಾರಿ. ಬಿಳಿ ಮಿರಾನಿನ ಹಿಂಬಾಗಿಲು ತೆರೆದಿದೆ. ಡಿಕ್ಕಿಯಲ್ಲಿ ಒಬ್ಬ ಹುಡುಗಿ ಕಾಲು ಇಳಿಬಿಟ್ಟು ಕೂತು ನಗುತ್ತಿದ್ದಾಳೆ. ಪಕ್ಕದ ಗೋಡೆಗೆ ಒಂದು ಹಿಡಿ. ಹುಡುಗಿಯ ಕೈ ಆ ಹಿಡಿಯ ಮೇಲೆ.

ಉಮಾಶಂಕರ ಕಣ್ಣು ತಿರುಗಿಸಿಕೊಂಡ.

ಮೊದಲ ತಲೆಮಾರಿನ ಮಿರಾನ್ ಹುಟ್ಟಿದ್ದು ಬೇರೆ ದೇಶದಲ್ಲಿ, ಬೇರೆ ಹೆಸರಿನಲ್ಲಿ. ಎತ್ತರದ ಚಕ್ರದ ಮೇಲೆ ಕೂರಿಸಿದ ಸಣ್ಣ ಕಾರು. ಅತ್ತ ಜೀಪೂ ಅಲ್ಲ, ಇತ್ತ ಕಾರೂ ಅಲ್ಲ. ಅಲ್ಲಿ ಮಂಡಿನೋವಿನ ಮುದುಕರು ಬಗ್ಗದೆ ಹತ್ತುವುದಕ್ಕೆ ಕೊಂಡರಂತೆ. ಅದನ್ನೇ ಸ್ಟೀರಿಂಗು ಬಲಕ್ಕೆ ತಿರುಗಿಸಿ ಇಲ್ಲಿಗೆ ತಂದರು. ಬೇರೆ ಏನನ್ನೂ ಮುಟ್ಟಲಿಲ್ಲ. ಮುಟ್ಟುವುದಕ್ಕೆ ಇಲ್ಲಿನವರ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ತಪ್ಪಿಗೆ ಪೂರಾ ಕಬ್ಬಿಣ ಕೊಟ್ಟುಬಿಟ್ಟರು. ಉಮಾಶಂಕರ ಈಗ ಓಡಿಸುತ್ತಿದ್ದದ್ದು ಅದನ್ನೇ.

ಎರಡನೇ ತಲೆಮಾರಿಗೆ ವೆಸ್ಟಾಲ್ ನಮ್ಮನ್ನು ಅರಿಯತೊಡಗಿತು. ಮೂತಿ ದೊಡ್ಡದಾಯಿತು, ಹೊಳೆಯುವ ಪಟ್ಟಿ ಬಂತು, ತಲೆಯ ಮೇಲೆ ಗಾಜಿನ ಕಿಟಕಿ ಬಂತು. ಹಿಮ ಬೀಳುವ ದೇಶಕ್ಕೆ ಬಿಸಿಯಾಗುವ ಸೀಟು, ಮರಳುಗಾಡಿಗೆ ದೊಡ್ಡ ರೇಡಿಯೇಟರು. ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಮನೆಯಲ್ಲಿ ಬೆಳೆದ ಹಾಗೆ.

ಆ ಕಾಲದಲ್ಲೇ ಹೊರದೇಶದಿಂದ ಮೂವರು ಬಂದರು. ಇಲ್ಲಿನ ಜನ ಗಾಡಿಯನ್ನು ಹೇಗೆ ಬಳಸುತ್ತಾರೆ ನೋಡಬೇಕು, ಎಂದರು. ಉಮಾಶಂಕರ ಎದೆ ಉಬ್ಬಿಸಿಕೊಂಡು ತನ್ನೂರು ಕಲ್ಯಾಣದುರ್ಗಕ್ಕೆ ಕರೆದುಕೊಂಡು ಹೋದ. ಚಿಕ್ಕವ್ವ ನರಸಕ್ಕ ಒಬ್ಬಟ್ಟು ಬಡಿಸಿದಳು. ಅವನು ತಮ್ಮ ಮನೆತನದ ಪದ್ಧತಿಯನ್ನು ಅವರಿಗೆ ಬಿಡಿಸಿ ಹೇಳಿದ. ಎತ್ತಿನ ಗಾಡಿಯ ಕಾಲದಿಂದ ಬಂದದ್ದು. ಹೊಸ ಗಾಡಿ ಮನೆಗೆ ಬಂದರೆ ಮೊದಲ ಸವಾರಿಗೆ ಮನೆಯವರೆಲ್ಲ ಒಟ್ಟಿಗೆ ಹತ್ತಬೇಕು. ಹಿರಿ ಹೆಂಗಸಿನ ತವರಿಗೆ ಹೋಗಿ ನೀರು ಕುಡಿದು ಬರಬೇಕು. ಒಬ್ಬರನ್ನು ಬಿಟ್ಟರೂ ಗಾಡಿ ಅವರ ಮೇಲೆ ಮುನಿಸಿಕೊಳ್ಳುತ್ತದೆ. ಹಾಗಾಗಿ ಮಕ್ಕಳು ಡಿಕ್ಕಿಯಲ್ಲಿ ಕೂರುತ್ತಾರೆ. ಒಮ್ಮೆ ಕೂತವರು ಆಮೇಲೂ ಅಲ್ಲೇ ಕೂರುತ್ತಾರೆ.

ಬಂದವರು ತಲೆದೂಗಿ ಫೋಟೋ ಹಿಡಿದುಕೊಂಡರು. ಉಮಾಶಂಕರ ರಿಪೋರ್ಟಿನಲ್ಲಿ ಬರೆದ. ಇಲ್ಲಿ ಡಿಕ್ಕಿಯಲ್ಲಿ ಮಕ್ಕಳು ಕೂರುತ್ತಾರೆ, ಆದ್ದರಿಂದ ಹಿಂಭಾಗವನ್ನು ಇನ್ನೂ ಗಟ್ಟಿ ಮಾಡಬೇಕು.

ಕಂಪನಿ ಆ ವಾಕ್ಯವನ್ನು ಅರ್ಧಕ್ಕೇ ಓದಿತು.

ಮೂರನೇ ತಲೆಮಾರಿಗೆ ಡಿಕ್ಕಿಯಲ್ಲಿ ಮೆತ್ತನೆಯ ಹಾಸು ಬಂತು. ದೀಪ ಬಂತು. ಹಿಡಿದುಕೊಳ್ಳಲು ಹಿಡಿ ಬಂತು. ಇವೆಲ್ಲದರ ಭಾರ ಎಲ್ಲಾದರೂ ಕಳೆಯಬೇಕಲ್ಲ. ಯಾರೂ ನೋಡದ, ಯಾರೂ ಕೇಳದ ಬೀಮನ್ನು ಕಳೆದರು. ಹೊರದೇಶಕ್ಕೆ ಹೋಗುವ ಗಾಡಿಗೆ ಹಿಡಿ ಇಲ್ಲ, ಬೀಮು ಇದೆ. ಇಲ್ಲಿಯದಕ್ಕೆ ಹಿಡಿ ಇದೆ. ಬಂಪರಿನ ಒಳಗೆ ಟೀವಿ ಡಬ್ಬದಲ್ಲಿ ಬರುವಂಥ ಬೆಳ್ಳನೆಯ ಥರ್ಮಾಕೋಲು ತುಂಡು.

ತನ್ನವರನ್ನು ಅವರಿಗೆ ಅರ್ಥ ಮಾಡಿಸಿದವನು ತಾನು. ಅರ್ಥವಾದ ಮೇಲೆ ಎಷ್ಟು ಕಡಿಮೆ ಕೊಟ್ಟರೂ ನಡೆಯುತ್ತದೆಂದು ಅವರಿಗೆ ಗೊತ್ತಾಯಿತು.

ಹಾರ್ನಿನ ಮೇಲೆ ಅಂಗೈ ಅದುಮಿದ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ.

*

ಕಲ್ಯಾಣದುರ್ಗದ ಬಸ್‌ಸ್ಟಾಂಡಿನ ಹಿಂದಿನ ಬೀದಿ. ಬಾಡಿಗೆ ಜೀಪಿನವನು "ಬೆಳುಗುಪ್ಪ, ಬೆಳುಗುಪ್ಪ" ಎಂದು ಕೂಗುತ್ತ ಆಗಲೇ ತುಂಬಿದ ಜೀಪಿಗೆ ಇನ್ನೊಬ್ಬಳನ್ನು ಒತ್ತುತ್ತಿದ್ದ. "ಸರ್ದುಕೋಮ್ಮಾ, ಸರ್ದುಕೋ." ಸ್ವಲ್ಪ ಸರಿದು ಜಾಗ ಮಾಡು ಎಂದರ್ಥ. ಈ ಸೀಮೆಯಲ್ಲಿ ಹುಟ್ಟಿದ ಮಗು ಅವ್ವ ಎನ್ನುವುದಕ್ಕೆ ಮೊದಲು ಕೇಳಿಸಿಕೊಳ್ಳುವ ಮಾತು.

ನರಸಕ್ಕನ ಮನೆ ಮುಂದೆ ಹೊಸ ಬಿಳಿ ಮಿರಾನ್ ನಿಂತಿತ್ತು. ಚೆಂಡುಹೂವಿನ ಸರ, ಮೂತಿಯ ಮೇಲೆ ಕುಂಕುಮ. ಅವಳ ಮಗ ಲಕ್ಷ್ಮೀಕಾಂತ್ ಮದುವೆಗಳ ವಿಡಿಯೋ ತೆಗೆಯುವವನು. ಇವತ್ತು ತನ್ನ ಗಾಡಿಯನ್ನೇ ಸುತ್ತಿ ಸುತ್ತಿ ತೆಗೆಯುತ್ತಿದ್ದ.

"ಬಂದ್ಬುಟ್ಟ ನೋಡ್ರಪ್ಪ ಗಾಡಿ ಮಾಡಿದೋನು," ನರಸಕ್ಕ ಜಗಲಿಯಿಂದ ಅಂದಳು. "ಯಾಕ್ಲಾ, ಸೊಸೆ ಬರ್ಲಿಲ್ವಾ?"

"ತಲೆನೋವಂತೆ ಚಿಕ್ಕವ್ವ."

"ನಿನ್ ಕಟ್ಕಂಡ ಮ್ಯಾಲೆ ತಲೆನೋವು ಇಲ್ದೆ ಇದ್ದಾತಾ."

ಬೀದಿಯವರು ನಕ್ಕರು. ಉಮಾಶಂಕರನೂ ನಗುವ ಹಾಗೆ ಮುಖ ಮಾಡಿದ.

ಲಕ್ಷ್ಮೀಕಾಂತ್ ಹಿಂಬಾಗಿಲು ಎತ್ತಿ ಎದುರುಮನೆಯವರಿಗೆ ತೋರಿಸುತ್ತಿದ್ದ. "ಈ ಹಿಡಿ ಐತಲ್ಲ, ಇದು ನಮ್ಮಣ್ಣ ಬರೆದುಕೊಟ್ಟಿದ್ದು. ಬ್ಯಾರೆ ದೇಶದ ಗಾಡಿಗೆ ಇಲ್ಲ ಇದು. ನಮಗೋಸ್ಕರ ಮಾಡ್ಸಿರೋದು. ಏನಣ್ಣಾ?"

"ಹೂಂ."

ಲಕ್ಷ್ಮೀಕಾಂತನ ಮಗಳು ಭಾರ್ಗವಿ ಬಂಪರಿನ ಮೇಲೆ ಬೆರಳು ಒತ್ತಿದಳು. ಅದು ಒಳಗೆ ಹೋಗಿ ಮತ್ತೆ ಈಚೆ ಬಂತು.

"ದೊಡ್ಡಪ್ಪ, ಇದು ಮೆತ್ತಗೈತೆ."

ಇನ್ನಿಬ್ಬರು ಮಕ್ಕಳು ಬಂದು ಒತ್ತಿದರು. ಒಳಗೆ, ಈಚೆ. ಒಳಗೆ, ಈಚೆ. ಒಬ್ಬನು ಬೆನ್ನು ಕೊಟ್ಟು ಕುಲುಕಿದ.

"ಗುದ್ದಿದ್ರೂ ನೋವಾಗ್ಬಾರ್ದು ಅಂತ ಮೆತ್ತಗೆ ಮಾಡವ್ರೆ ಕಣಮ್ಮ," ಲಕ್ಷ್ಮೀಕಾಂತ್ ಅಂದ.

ಉಮಾಶಂಕರ ಅವನ ಮುಂಗೈ ಹಿಡಿದು ಗೋಡೆಯ ಬದಿಗೆ ಎಳೆದುಕೊಂಡು ಹೋದ.

"ಹಿಂದೆ ಮಕ್ಕಳನ್ನ ಕೂರಿಸ್ಬ್ಯಾಡ."

"ಯಾಕಣ್ಣಾ?"

"ಬ್ಯಾಡ ಅಂದ್ರೆ ಬ್ಯಾಡ."

"ಹಿಡಿ ಐತಲ್ಲ."

"ಹಿಡಿ ಐತೆ. ಬೀಮು ಇಲ್ಲ. ಬಂಪರಿನ ಹಿಂದೆ ಕಬ್ಬಿಣ ಇರಬೇಕಿತ್ತು. ಇಲ್ಲಿಯ ಗಾಡಿಗೆ ತೆಗ್ದವ್ರೆ. ಹಿಂದಿಂದ ಯಾರಾದ್ರೂ ಗುದ್ದಿದ್ರೆ ಅಲ್ಲಿ ತಡೆಯೋದು ಏನೂ ಇಲ್ಲ."

ಲಕ್ಷ್ಮೀಕಾಂತ್ ಕ್ಯಾಮೆರಾದ ಮೂತಿಯನ್ನು ಮುಚ್ಚಿದ. ನಿಧಾನವಾಗಿ ಮುಚ್ಚಿದ.

"ನಿನಗೆ ಯಾವಾಗಿಂದ ಗೊತ್ತು?"

"ಮೊದಲಿಂದ."

"ನಾನು ನಿನ್ನ ಕೇಳ್ದೆ. ಮಿರಾನ್ ತಗಂಬೋದಾ ಅಂತ. ಫೋನ್ ಮಾಡಿ ಕೇಳ್ದೆ."

"ನಾನು ತಗೋ ಅನ್ಲಿಲ್ಲ."

"ಬ್ಯಾಡ ಅಂದ್ಯಾ?"

ಉಮಾಶಂಕರ ಗೋಡೆಯ ಮೇಲೆ ಯಾರೋ ಅಂಟಿಸಿದ್ದ ಕಾಗದವನ್ನು ನೋಡಿದ. ಅದರ ಅರ್ಧ ಹರಿದುಹೋಗಿತ್ತು.

"ಸುಮ್ನಿದ್ದೆ."

"ಮನೆಯೋನು ಸುಮ್ನಿದ್ರೆ ಹೂಂ ಅಂತ್ಲೇ ಅರ್ಥ ಅಣ್ಣಾ."

ಹೊಡೆದಿದ್ದರೆ ಚೆನ್ನಾಗಿತ್ತು. ಲಕ್ಷ್ಮೀಕಾಂತ್ ಹೊಡೆಯಲಿಲ್ಲ. ಬೀದಿಯ ಕಡೆ ನೋಡಿದ. ಅಲ್ಲಿ ಎಲ್ಲರೂ ಇವರ ಕಡೆಯೇ ನೋಡುತ್ತಿದ್ದರು. ಅವನ ಮುಖದಲ್ಲಿ ಒಂದು ನಗು ಎದ್ದುಬಂತು, ಬಾಗಿಲಿಗೆ ನೆಂಟರು ಬಂದಾಗ ಬೇಗಬೇಗ ಹಾಸುವ ಚಾಪೆಯ ಹಾಗೆ.

"ಇಲ್ದಿದ್ರೆ ಹಾಕ್ಸೋಣ ಬಿಡು. ಕಲ್ಯಾಣದುರ್ಗದಾಗೆ ವೆಲ್ಡಿಂಗ್ ಶಾಪಿಗೇನು ಬರವಾ." ಅದನ್ನು ಜೋರಾಗಿ ಹೇಳಿದ. ಆಮೇಲೆ ಮೆಲ್ಲಗೆ, "ಇವತ್ತೊಂದಿನ ಬಾಯಿ ಬಿಡಬ್ಯಾಡ. ಇಷ್ಟು ದಿನ ಬಿಡ್ಲಿಲ್ವಲ್ಲ."

"ಏನ್ರಲಾ ಅದು ಗುಸುಗುಸು?" ನರಸಕ್ಕ ಕೋಲೂರಿಕೊಂಡು ಬಂದಳು. "ಹೊತ್ತು ಮೀರ್ತಾ ಐತೆ. ಎಲ್ಲಾ ಹತ್ರಿ."

"ಚಿಕ್ಕವ್ವ, ಮಕ್ಕಳು ನನ್ನ ಗಾಡಿಯಾಗೆ ಬರ್ಲಿ," ಉಮಾಶಂಕರ ಅಂದ. ಅವನ ದನಿ ಅವನಿಗೇ ಒರಟಾಗಿ ಕೇಳಿಸಿತು. "ಹಿಂದೆ ಕೂರೋದು ಅಪಾಯ."

"ಮೊದಲ ಸವಾರಿಗೆ ಮನೆ ಮಕ್ಕಳು ಇಳಿಯಾದಾ? ಓದಿದೋನು ಆಡೋ ಮಾತಾ ಇದು? ಚಿಕ್ಕೋನಿದ್ದಾಗ ನಿನ್ನ ನಾವು ಎತ್ತಿನ ಗಾಡಿ ಮೂಕಿ ಮ್ಯಾಲೆ ಕೂರಿಸ್ಕಂಡು ಹೋಗಿದ್ದು. ಬಿದ್ಯಾ?"

"ಅದು ಎತ್ತಿನ ಗಾಡಿ."

"ಇದು ನೀನು ಮಾಡಿರೋ ಗಾಡಿ. ಎತ್ತಿಗಿರೋ ಅಷ್ಟೂ ಬುದ್ಧಿ ಇಕ್ಕಿಲ್ವೇನ್ಲಾ ಅದರೊಳಗೆ?"

ಮತ್ತೆ ಬೀದಿ ನಕ್ಕಿತು. ಲಕ್ಷ್ಮೀಕಾಂತ್ ಎಲ್ಲರಿಗಿಂತ ಜೋರಾಗಿ ನಕ್ಕ.

ಹತ್ತಿದರು. ಮುಂದೆ ನರಸಕ್ಕ, ಮಡಿಲಲ್ಲಿ ಕೂಸು. ನಡುವಿನ ಸೀಟಿನಲ್ಲಿ ಲಕ್ಷ್ಮೀಕಾಂತನ ಹೆಂಡತಿ ಮಲ್ಲೇಶ್ವರಿ, ಅವಳ ಅವ್ವ, ನಾದಿನಿ, ಮನೆಯ ಇನ್ನಿಬ್ಬರು ಹೆಂಗಸರು, ಒಬ್ಬರ ತೊಡೆಯ ಮೇಲೊಬ್ಬರು. ಡಿಕ್ಕಿಯಲ್ಲಿ ಭಾರ್ಗವಿ ಮತ್ತು ಇಬ್ಬರು. ಸರ್ದುಕೋ, ಸರ್ದುಕೋ. ಹಿಂಬಾಗಿಲನ್ನು ಲಕ್ಷ್ಮೀಕಾಂತ್ ತಾನೇ ಹಾಕಿದ. ಹಾಕುವ ಮುಂಚೆ ಒಂದು ಗಳಿಗೆ ಅವನ ಕೈ ಮಗಳ ತಲೆಯ ಮೇಲೆ ನಿಂತಿತ್ತು. ಅಣ್ಣನ ಕಡೆ ಅವನು ನೋಡಲಿಲ್ಲ.

"ಉಮಾಶಂಕರನ ಜಾಗ?" ಎದುರುಮನೆಯವಳು ಕೇಳಿದಳು. "ಬಿಟ್ಟೋದ್ರೆ ಅವನ ಮ್ಯಾಲೆ ಮುನಿಯಾಕಿಲ್ವಾ ಗಾಡಿ?"

ನರಸಕ್ಕ ಕಿಟಕಿಯಿಂದ ಅವನನ್ನು ನೋಡಿದಳು. ಕೆಟ್ಟ ಮನಸ್ಸಿನಿಂದಲ್ಲ. ಸಂತೆಯಲ್ಲಿ ಗುರುತು ಹತ್ತದ ಮುಖವನ್ನು ನೋಡುವ ಹಾಗೆ.

"ಅವನು ಕಂಪನಿಯೋನು ಕಣಮ್ಮ. ಅವನ ಮ್ಯಾಲೆ ಯಾಕೆ ಮುನಿದಾತು? ನೀನು ಹಿಂದೆ ಬಾರಪ್ಪ."

*

ನರಸಕ್ಕನ ತವರು ಬೆಳುಗುಪ್ಪ. ಅಲ್ಲಿಗೆ ಹೋಗುವ ರಸ್ತೆ ಏರಿ ಇಳಿಯುತ್ತಿತ್ತು. ಎರಡೂ ಕಡೆ ಕಡಲೆಕಾಯಿ ಹೊಲ, ದೂರದ ದಿಬ್ಬಗಳ ಮೇಲೆ ಕರೆಂಟು ಮಾಡುವ ದೊಡ್ಡ ಫ್ಯಾನುಗಳು. ಕೆಲವು ತಿರುಗುತ್ತಿದ್ದವು, ಕೆಲವು ಇಲ್ಲ.

ಮುಂದೆ ಮಿರಾನ್. ಹಿಂದೆ ಮಿರಾನ್. ಮೂರನೆಯ ತಲೆಮಾರಿನ ಬೆನ್ನಿಗೆ ಮೊದಲನೆಯದು.

ಹಿಂದಿನ ಗಾಜಿನಲ್ಲಿ ಭಾರ್ಗವಿಯ ಮುಖ ಅವನ ಕಡೆಗೇ ಇತ್ತು. ಎಲ್ಲರೂ ಮುಂದೆ ನೋಡುತ್ತ ಹೋಗುವಾಗ ಅವಳೊಬ್ಬಳು ಬಿಟ್ಟುಬಂದ ದಾರಿಯನ್ನು ನೋಡುತ್ತ ಹೋಗುತ್ತಿದ್ದಳು. ಒಂದು ಕೈ ಹಿಡಿಯ ಮೇಲೆ. ಹಲಗೆಯ ಮೇಲಿನ ಹುಡುಗಿಯಂತೆಯೇ. ಆದರೆ ಇವಳು ನಗುತ್ತಿರಲಿಲ್ಲ, ಇವನನ್ನು ಪರೀಕ್ಷೆ ಮಾಡುತ್ತಿದ್ದಳು.

ಅವನು ವೇಗ ಕಡಿಮೆ ಮಾಡಿದ. ದೂರ ಉಳಿಯಬೇಕು. ಆಗ ನಡುವೆ ಒಂದು ಬೈಕು ತೂರಿಕೊಂಡಿತು, ಅದರ ಹಿಂದೆ ಆಟೋ. ಅವನಿಗೆ ತಡೆಯಲಾಗಲಿಲ್ಲ. ಆಟೋವನ್ನು ದಾಟಿ, ಬೈಕನ್ನು ದಾಟಿ, ಮತ್ತೆ ಆ ಬೆನ್ನಿನ ಹಿಂದೆ ಬಂದು ಸೇರಿಕೊಂಡ. ಬೇರೆ ಯಾರೂ ಅಲ್ಲಿ ಇರಬಾರದು. ತಾನೇ ಇರಬೇಕು. ತಾನೇ ಅಡ್ಡ ಬೀಮಾಗಿ ಬೆಳುಗುಪ್ಪದವರೆಗೆ ಹೋಗಬೇಕು.

ಹೀಗೆಂದುಕೊಂಡಾಗ ಅವನಿಗೆ ಬಹಳ ದಿನದ ಮೇಲೆ ಸ್ವಲ್ಪ ಸಮಾಧಾನವಾಯಿತು. ಆ ಸಮಾಧಾನದ ಮೇಲೂ ಸಿಟ್ಟು ಬಂತು.

ಇಳಿಜಾರಿನ ಕೆಳಗೆ ಕುರಿಮಂದೆ ರಸ್ತೆಗೆ ಅಡ್ಡ ಬಿದ್ದಿತ್ತು. ಲಕ್ಷ್ಮೀಕಾಂತ್ ನಿಲ್ಲಿಸಿದ. ಉಮಾಶಂಕರನೂ ನಿಲ್ಲಿಸಿದ. ಎರಡು ಗಾಡಿಗಳ ನಡುವೆ ಒಬ್ಬ ಆಳು ನಡೆದುಹೋಗುವಷ್ಟು ಜಾಗ. ಎಡಕ್ಕೆ ಕಲ್ಲಿನ ಮೋರಿ, ಬಲಕ್ಕೆ ಕುರಿ. ಕುರಿಗಳು ಮುಗಿಯುವ ಹಾಗೆ ಕಾಣಲಿಲ್ಲ. ಕುರುಬ ಬೀಡಿ ಹಚ್ಚಿದ.

ಕನ್ನಡಿ ನೋಡಿದ. ದಿಬ್ಬದ ನೆತ್ತಿಯ ಮೇಲೆ ಒಂದು ಲಾರಿ. ಕಡಲೆಕಾಯಿ ಮೂಟೆ ಮಾಳಿಗೆಯಷ್ಟು ಎತ್ತರಕ್ಕೆ ಪೇರಿಸಿದ್ದರು. ಅದು ಇಳಿಯತೊಡಗಿತ್ತು.

ನಿಲ್ಲುತ್ತದೆ. ಲಾರಿಗಳು ನಿಲ್ಲುತ್ತವೆ. ಈ ರಸ್ತೆಯಲ್ಲಿ ದಿನವೂ ಕುರಿ ಅಡ್ಡ ಬರುತ್ತವೆ, ದಿನವೂ ಲಾರಿ ನಿಲ್ಲುತ್ತವೆ.

ಆದರೆ ಎಂಜಿನಿಯರನ ತಲೆ ತಾನಾಗಿ ಲೆಕ್ಕ ಹಾಕಿಬಿಟ್ಟಿತ್ತು. ಲಾರಿ ಗುದ್ದುವುದು ತನ್ನ ಗಾಡಿಗೆ. ತನ್ನದು ಮೊದಲ ತಲೆಮಾರು. ಹಿಂದೆಯೂ ಕಬ್ಬಿಣ, ಮುಂದೆಯೂ ಕಬ್ಬಿಣ. ಅದು ಮುರಿಯುವುದಿಲ್ಲ. ಅದು ಮುಂದಕ್ಕೆ ಹೋಗುತ್ತದೆ. ಆ ಮೆತ್ತನೆಯ ಬೆನ್ನಿನೊಳಕ್ಕೆ, ಸೌದೆಯೊಳಗೆ ಇಳಿಯುವ ಕೊಡಲಿಯ ಹಾಗೆ.

ಈ ರಸ್ತೆಯಲ್ಲಿ ಗಟ್ಟಿಯಾಗಿ ಉಳಿದದ್ದೆಂದರೆ ಅವನೊಬ್ಬನೇ.

ಭಾರ್ಗವಿಗೆ ಕೈ ಮಾಡಿದ. ಹಿಡಿ ಹಿಡಿದುಕೋ, ಗಟ್ಟಿಯಾಗಿ. ಮುಷ್ಟಿ ಮಾಡಿ ತೋರಿಸಿದ, ಮೇಲೆತ್ತಿ ಅಲ್ಲಾಡಿಸಿದ. ಅವಳು ನೋಡಿದಳು. ಮುಖ ಅರಳಿತು. ದೊಡ್ಡಪ್ಪ ಕೊನೆಗೂ ಆಟಕ್ಕೆ ಬಂದಿದ್ದ. ಹಿಡಿಯನ್ನು ಬಿಟ್ಟು ಅವಳೂ ಕೈ ಎತ್ತಿ ಬೀಸಿದಳು.

ಅಲ್ಲ ಎಂದು ತಲೆಯಾಡಿಸಿದ. ಎರಡೂ ಕೈಯಿಂದ ತೋರಿಸಿದ. ಅವಳೂ ಎರಡೂ ಕೈ ಎತ್ತಿದಳು. ಪಕ್ಕದ ಇಬ್ಬರೂ ಎತ್ತಿದರು.

ಹಾರ್ನು ಒತ್ತಿದ. ಮುಂದಿನಿಂದ ಲಕ್ಷ್ಮೀಕಾಂತನೂ ತಿರುಗಿ ಹಾರ್ನು ಒತ್ತಿದ, ದಿಬ್ಬಣದ ಗಾಡಿಗಳು ಒಂದಕ್ಕೊಂದು ಕೂಗಿಕೊಳ್ಳುವ ಹಾಗೆ. ಕುರಿಗಳು ಬೆದರಿ ನಿಂತಲ್ಲೇ ಇನ್ನಷ್ಟು ಒತ್ತಾಗಿ ನಿಂತವು.

ಉಮಾಶಂಕರನ ಕೈಗೆ ಮೊಬೈಲು ಬಂದಿತ್ತು. ಸಂಕ್ರಾಂತಿಯ ಪತ್ರ. ಗೌರವಾನ್ವಿತರೇ ಎಂದು ಇಂಗ್ಲಿಷಿನಲ್ಲಿ ಶುರುವಾಗುವ ಪತ್ರ. ಅದನ್ನು ಅವನು ಮತ್ತೆ ಓದಲಿಲ್ಲ. ಒಂದು ಅಕ್ಷರ ತಿದ್ದಲಿಲ್ಲ. ಹೆಬ್ಬೆರಳಿನಿಂದ ಒತ್ತಿದ, ಮಕ್ಕಳು ಆ ಬಂಪರನ್ನು ಒತ್ತಿದ್ದ ಹಾಗೆ.

ಪತ್ರ ಹೋಯಿತು. ಗುಬ್ಬಿ ಹಾರಿದಷ್ಟು ಸದ್ದು.

ತಲೆ ಎತ್ತಿದ. ಗಾಜಿನಾಚೆ ಆರು ಕೈಗಳು ಬೀಸುತ್ತಿದ್ದವು. ಹಿಡಿಯ ಮೇಲೆ ಯಾವ ಕೈಯೂ ಇರಲಿಲ್ಲ. ಕನ್ನಡಿಯಲ್ಲಿ ಲಾರಿ ದೊಡ್ಡದಾಗುತ್ತಿತ್ತು.